ಫಿಲಡೆಲ್ಫಿಯಾದಲ್ಲಿ ಸಹಿ ಹಾಕದವರು

ಮಾನ್ಯ ಅಧ್ಯಕ್ಷರಾದ ಶ್ರೀ ಶಶಿಧರ ಅವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಶಿವಪ್ರಕಾಶ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಶ್ರೀಮತಿ ಬಸಲಿಂಗವ್ವನವರೇ, ಪಡುವಣ ಲಂಡನ್ ಕನ್ನಡ ಕೂಟದ ಪದಾಧಿಕಾರಿಗಳೇ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಈ ಹೆಂಗಸು ಯಾವಾಗ ಮಾತು ಮುಗಿಸುತ್ತಾಳೋ ಎಂದು ಕಾಯುತ್ತಿರುವ ಸ್ವಯಂಸೇವಕರೇ, ಆತ್ಮೀಯ ಸಭಿಕರೇ,

ಕನ್ನಡ ಕೂಟದ ವಾರ್ಷಿಕೋತ್ಸವದಲ್ಲಿ ಅಮೆರಿಕದ ಸಂವಿಧಾನದ ಬಗ್ಗೆ ಯಾರಾದರೂ ಭಾಷಣ ಮಾಡಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಹೋದ ವಾರ ಶಶಿಧರ ಅವರು ಫೋನ್ ಮಾಡಿ, "ಕಾಮಾಕ್ಷಿ ಮೇಡಂ, ನಮ್ಮ ಕೂಟದ ನಿಯಮಾವಳಿಗೆ ತಿದ್ದುಪಡಿ ಪಾಸಾಯ್ತಲ್ಲ, ಇದೆಲ್ಲ ಅಮೆರಿಕದ್ದು ನೋಡಿ ಮಾಡಿದ್ದಂತೆ. ಅಲ್ಲಿ ಅದು ಹೇಗೆ ಹುಟ್ತು, ಹೇಗೆ ಕಟ್ಟಿದ್ರು, ಒಂದು ಹತ್ತು ನಿಮಿಷ ಹೇಳ್ಬಿಡಿ" ಎಂದರು. ಮೇಷ್ಟರ ಕೈಗೆ ಮೈಕ್ ಕೊಟ್ಟು ಹತ್ತು ನಿಮಿಷ ಎಂದು ಹೇಳಿದ ಅವರ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ನನ್ನ ಪರಿಚಯವಿಲ್ಲದವರಿಗಾಗಿ ಒಂದು ಮಾತು. ನಾನು ಮೈಸೂರಿನವಳು. ಹ್ಯಾಮರ್‌ಸ್ಮಿತ್ ಕಡೆಯ ಒಂದು ಕಾಲೇಜಿನಲ್ಲಿ ನಿವೃತ್ತಿಯವರೆಗೂ ರಾಜ್ಯಶಾಸ್ತ್ರ ಹೇಳಿಕೊಟ್ಟೆ. ಈ ದೇಶಕ್ಕೆ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನವೇ ಇಲ್ಲ. ಇಂಥ ದೇಶದಲ್ಲಿ ಮೈಸೂರಿನ ಹೆಂಗಸೊಬ್ಬಳು ಪೋಲೆಂಡಿನ, ಸೊಮಾಲಿಯಾದ, ಪಂಜಾಬಿನ ಮಕ್ಕಳನ್ನು ಕೂರಿಸಿಕೊಂಡು ಅಮೆರಿಕದ ಸಂವಿಧಾನವನ್ನು ಬಿಡಿಸಿ ಹೇಳುತ್ತಿದ್ದಳು. ಹೇಳುವಾಗ ಒಮ್ಮೆಯೂ ವಿಚಿತ್ರ ಎನಿಸಲಿಲ್ಲ. ಈಗ ಎನಿಸುತ್ತದೆ.

ಸಾವಿರದ ಏಳುನೂರ ಎಂಬತ್ತೇಳರ ಬೇಸಿಗೆ. ಬ್ರಿಟಿಷರ ಕೈಯಿಂದ ಬಿಡಿಸಿಕೊಂಡ ಹದಿಮೂರು ರಾಜ್ಯಗಳು. ಅವುಗಳ ನಡುವೆ ಒಂದು ಸಡಿಲವಾದ ಒಪ್ಪಂದವಿತ್ತು. ಆದರೆ ಕೇಂದ್ರ ಎನ್ನುವುದಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ, ಹೇಳಿದ್ದನ್ನು ಮಾಡಿಸುವ ಬಲವಿಲ್ಲ. ಒಪ್ಪಂದದ ಒಂದು ಅಕ್ಷರ ತಿದ್ದಬೇಕಾದರೂ ಹದಿಮೂರೂ ರಾಜ್ಯಗಳು ಒಪ್ಪಬೇಕು. ಹದಿಮೂರು ಜನ ಸೇರಿ ಒಂದು ಪಿಕ್‌ನಿಕ್ಕಿನ ಜಾಗವನ್ನೇ ಒಪ್ಪುವುದಿಲ್ಲ, ಇದು ನಮಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿದರು. ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಬರಲೇ ಇಲ್ಲ. ಬಂದವರು ಒಳಗಿನ ಮಾತು ಹೊರಗೆ ಹೋಗಬಾರದೆಂದು ಕಿಟಕಿ ಮುಚ್ಚಿಕೊಂಡು, ಆ ಸೆಕೆಯಲ್ಲಿ, ದಪ್ಪ ಕೋಟು ತೊಟ್ಟು ಜಗಳವಾಡಿದರು.

ಜಗಳ ಯಾವುದಕ್ಕೆ? ದೊಡ್ಡ ರಾಜ್ಯಗಳು, "ನಮ್ಮಲ್ಲಿ ಜನ ಹೆಚ್ಚು, ನಮಗೆ ಸ್ಥಾನ ಹೆಚ್ಚು" ಎಂದವು. ಚಿಕ್ಕ ರಾಜ್ಯಗಳು, "ಹಾಗಾದರೆ ನಾವು ಬರುವುದೇಕೆ?" ಎಂದವು. ಕೊನೆಗೆ ಎರಡು ಸದನ ಮಾಡಿದರು. ಒಂದರಲ್ಲಿ ಜನಸಂಖ್ಯೆಗೆ ತಕ್ಕಂತೆ ಸ್ಥಾನ, ಇನ್ನೊಂದರಲ್ಲಿ ಎಲ್ಲ ರಾಜ್ಯಗಳಿಗೂ ಸಮಾನ ಸ್ಥಾನ. ಕಾನೂನು ಮಾಡುವವರು ಬೇರೆ, ಅದನ್ನು ನಡೆಸುವ ಅಧ್ಯಕ್ಷ ಬೇರೆ, ಅರ್ಥ ಹೇಳುವ ನ್ಯಾಯಾಲಯ ಬೇರೆ. ಯಾರ ಕೈಯೂ ಉದ್ದವಾಗದಂತೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದಿರಬೇಕು.

ಇಷ್ಟನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಇದನ್ನು ನನ್ನಿಂದ ಅತ್ಯಂತ ಆಸೆಯಿಂದ ಕೇಳಿಸಿಕೊಂಡವರು ನನ್ನ ವಿದ್ಯಾರ್ಥಿಗಳಲ್ಲ. ನಿಜಲಿಂಗಪ್ಪನವರು.

ಇಲ್ಲಿರುವ ಹೊಸಬರು ಅವರನ್ನು ಫೋಟೋದಲ್ಲಿ ನೋಡಿದ್ದೀರಿ. ವಿಜಯಪುರದ ಕಡೆಯವರು. ಹೀಥ್ರೋದಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದರು. ನಮ್ಮಿಬ್ಬರ ಮನೆಯೂ ರೇನರ್ಸ್ ಲೇನ್. ಬೆಳಗ್ಗೆ ಒಂದೇ ಪಿಕಡಿಲಿ ರೈಲು. ಅವರು ಆಕ್ಟನ್ ಟೌನ್‌ನಲ್ಲಿ ಇಳಿದು ಹೀಥ್ರೋ ಕಡೆಗೆ ಬದಲಾಯಿಸಬೇಕು, ನಾನು ಮುಂದಕ್ಕೆ ಹೋಗಬೇಕು. ನನ್ನ ಯಜಮಾನರು ನಾರಾಯಣಸ್ವಾಮಿ ತೀರಿಕೊಂಡ ವರ್ಷ ನಾನು ಯಾರೊಡನೆಯೂ ಹೆಚ್ಚು ಮಾತನಾಡುತ್ತಿರಲಿಲ್ಲ. ಆಗ ಒಂದು ದಿನ ಇವರು ಎದುರಿನ ಸೀಟಿನಲ್ಲಿ ಕುಳಿತು, "ಅಕ್ಕಾರ, ಇವತ್ತ ಹುಡುಗೂರಿಗೆ ಏನ್ ಪಾಠ ಐತ್ರೀ?" ಎಂದು ಕೇಳಿದರು. ಸಾವಿನ ಮನೆಯವಳನ್ನು ಎಲ್ಲರೂ ಹೇಗಿದ್ದೀರಿ ಎಂದೇ ಕೇಳುತ್ತಿದ್ದರು. ಪಾಠ ಏನು ಎಂದು ಕೇಳಿದವರು ಅವರೊಬ್ಬರೇ. "ಸೆನೆಟ್" ಎಂದೆ. "ಅಂದ್ರ?" ಎಂದರು. ಆಕ್ಟನ್ ಟೌನ್ ಬರುವ ಹೊತ್ತಿಗೆ ಮುಗಿಯಲಿಲ್ಲ. "ನಾಳೆ ಮುಂದ ಹೇಳ್ರಿ ಮತ್ತ" ಎಂದು ಇಳಿದುಹೋದರು.

ಹೀಗೆ ಅದು ಕೆಲವು ವರ್ಷ ನಡೆಯಿತು. ಕಾಲೇಜಿಗೆ ರಜೆ ಇದ್ದಾಗಲೂ ನಾನು ಕೆಲವು ದಿನ ಅದೇ ರೈಲಿಗೆ ಹೋಗುತ್ತಿದ್ದೆ. ಲೈಬ್ರರಿಯ ಕೆಲಸವಿರುತ್ತಿತ್ತು. ಇರಲಿ.

ಅಷ್ಟರಲ್ಲಿ ನಮ್ಮ ಕೂಟ ಬೆಳೆಯಿತು. ಮೊದಲು ಇಲ್ಲಿ ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯ ಮನೆಗಳೇ ಹೆಚ್ಚಿದ್ದವು. ಆಮೇಲೆ ಬೆಂಗಳೂರಿನಿಂದ ಐಟಿಯವರು ಹೌನ್ಸ್ಲೋ ತುಂಬ ಬಂದಿಳಿದರು. ಬಂದವರು ಒಳ್ಳೆಯವರೇ. ಆದರೆ ಮತಕ್ಕೆ ಹಾಕಿದರೆ ಪ್ರತಿಯೊಂದೂ ಅವರ ಪರವಾಗಿಯೇ ಆಗತೊಡಗಿತು. ಎರಡು ದೀಪಾವಳಿ ಊಟದಲ್ಲಿ ಜೋಳದ ರೊಟ್ಟಿ ಇಲ್ಲದೇ ಹೋದಾಗ ವಿಜಯಪುರದ ಕಡೆಯವರೇ ಆದ ಅಡಿವೆಪ್ಪನವರು ಎದ್ದುನಿಂತು, "ನಾವು ಬ್ಯಾರೆ ಸಂಘ ಮಾಡ್ಕೋತೀವಿ" ಎಂದೇ ಬಿಟ್ಟರು. ಅಡಿವೆಪ್ಪನವರು ಈಗ ಅಲ್ಲಿ ಕೂತು ನಗುತ್ತಿದ್ದಾರೆ. ಅಂದು ನಗಲಿಲ್ಲ.

ಆಗ ನಿಜಲಿಂಗಪ್ಪನವರು ಮರುದಿನ ರೈಲಿನಲ್ಲಿ ನನ್ನ ಮುಂದೆ ಕುಳಿತು ಅಂಗೈ ಮೇಲೆ ಗೆರೆ ಎಳೆದು ತೋರಿಸಿದರು. "ಅಕ್ಕಾರ, ಎರಡು ಮನಿ ಮಾಡೂಣು. ಒಂದ್ರಾಗ ಮಂದಿ ಎಷ್ಟದಾರ ಅಷ್ಟು ಸೀಟು. ಇನ್ನೊಂದ್ರಾಗ ನಾಡಿನ ಎಲ್ಲಾ ಭಾಗಕ್ಕೂ ಎರಡೆರಡು. ನೀವು ಹೇಳಿದ್ರಲ್ಲ, ಅದೇ!" ಅವರ ಮುಖ ಹುಡುಗನ ಮುಖದ ಹಾಗೆ ಬೆಳಗಿತ್ತು. ನನ್ನ ಜೀವನದಲ್ಲಿ ನಾನು ಹೇಳಿಕೊಟ್ಟ ಪಾಠವೊಂದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕರಡು ಸಮಿತಿ ಆಯಿತು. ಅವರು ಮುಖ್ಯಸ್ಥರು, ನಾನು ಸದಸ್ಯೆ. ಜನರ ಲೆಕ್ಕದ ಸಭೆ, ಸಮಪಾಲಿನ ಮಂಡಳಿ ಎಂದು ಎರಡು ಮನೆ. ಅಧ್ಯಕ್ಷರಿಗೆ ಒಂದಿಷ್ಟು ಅಧಿಕಾರ, ಅದರ ಮೇಲೆ ಎರಡೂ ಮನೆಗಳ ಹಿಡಿತ. ನಿಯಮ ತಿದ್ದಬೇಕಾದರೆ ಎರಡೂ ಕಡೆ ಮೂರರಲ್ಲಿ ಎರಡು ಪಾಲು ಮತ. ಎಲ್ಲವೂ ಚೆನ್ನಾಗಿತ್ತು. ಕೊನೆಯ ಬೈಠಕ್ಕಿನಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ.

ಸದಸ್ಯತ್ವ ಮನೆಗೊಂದು, ಯಜಮಾನರ ಹೆಸರಿನಲ್ಲಿ. ಮತವೂ ಮನೆಗೊಂದು. ಆದರೆ ಸಭೆಯಲ್ಲಿ ಯಾವ ಭಾಗಕ್ಕೆ ಎಷ್ಟು ಸೀಟು ಎಂದು ಎಣಿಸುವಾಗ ಹೆಂಡತಿ ಮಕ್ಕಳನ್ನೂ ಸೇರಿಸಿ ಎಣಿಸಬೇಕೆಂದಿತ್ತು. ನಾನು ಎರಡು ಮಾತು ಸೇರಿಸಿ ಎಂದೆ. ವಯಸ್ಕರೆಲ್ಲರೂ ತಮ್ಮ ಹೆಸರಿನಲ್ಲೇ ಸದಸ್ಯರಾಗಬೇಕು. ಯಾರನ್ನೇ ಹೊರಗಿಡುವ ಮೊದಲು ಅವರ ಮಾತನ್ನು ಕೇಳಬೇಕು.

ನಿಜಲಿಂಗಪ್ಪನವರು ನಕ್ಕರು. "ಅಕ್ಕಾರ, ನಮ್ಮ ನಮ್ಮ ಮಂದ್ಯಾಗ ಇದೆಲ್ಲಾ ಬರೀಬೇಕೇನ್ರಿ? ಯಾರನ್ನ ಯಾರು ಹೊರಗ ಹಾಕ್ತಾರ? ಬರದ್ರ ಹಂಗ ಮಾಡಾವರು ಅದಾರ ಅಂದಂಗಾಗ್ತದ."

ಫಿಲಡೆಲ್ಫಿಯಾದಲ್ಲಿಯೂ ಇದೇ ಮಾತು ಬಂದಿತ್ತು. ಜನರ ಹಕ್ಕುಗಳನ್ನು ಬರೆಯಿರಿ ಎಂದು ಕೆಲವರು ಕೇಳಿದಾಗ, ಅಗತ್ಯವಿಲ್ಲ, ನಾವು ಯಾರ ಹಕ್ಕನ್ನೂ ಕಿತ್ತುಕೊಂಡಿಲ್ಲವಲ್ಲ ಎಂದರು. ಅದೇ ಸಭೆಯಲ್ಲಿ ದಕ್ಷಿಣದ ರಾಜ್ಯಗಳು ತಮ್ಮ ಗುಲಾಮರನ್ನು ಸೀಟಿನ ಎಣಿಕೆಗೆ ಸೇರಿಸಿಕೊಂಡವು. ಐವರನ್ನು ಮೂವರೆಂದು ಎಣಿಸಿದರು. ಆ ಜನಕ್ಕೆ ಮತ ಮಾತ್ರ ಇರಲಿಲ್ಲ. ನಾನು ಮೇಷ್ಟರಲ್ಲವೇ? ಈ ಉದಾಹರಣೆಯನ್ನು ಅಂದು ಹೇಳಿದೆ.

ನಿಜಲಿಂಗಪ್ಪನವರು ಪೆನ್ನು ಕೆಳಗಿಟ್ಟರು. "ನಮ್ಮ ಮನಿ ಹೆಣ್ಣಮಕ್ಕಳನ್ನ ಗುಲಾಮರಿಗೆ ಹೋಲಸ್ತೀರೇನ್ರಿ, ಮೇಡಂ?" ಎಂದರು.

ಮೇಡಂ ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ.

ಎರಡೂ ಒಂದೇ ಎಂದು ನಾನು ಹೇಳಿರಲಿಲ್ಲ. ಎಣಿಕೆಯ ಬಗ್ಗೆ ಮಾತ್ರ ಹೇಳಿದ್ದೆ. ನನಗೆ ಮತವಿತ್ತು, ಏಕೆಂದರೆ ನಾರಾಯಣಸ್ವಾಮಿ ಇರಲಿಲ್ಲ. ನಿಮ್ಮ ಹೆಂಡತಿ ಬಸಲಿಂಗವ್ವನಿಗೆ ಮತ ಬರಬೇಕಾದರೆ ಏನಾಗಬೇಕು ಎಂದು ಕೇಳಬೇಕೆಂದಿದ್ದೆ. ಬಾಯಿಗೆ ಬಂದ ಆ ಮಾತನ್ನು ನುಂಗಿಕೊಂಡೆ. ಆ ಒಂದು ವಿಷಯದಲ್ಲಿ ನನಗೆ ಇಂದಿಗೂ ಸಮಾಧಾನವಿದೆ.

ಕರಡಿಗೆ ಎಲ್ಲರೂ ಸಹಿ ಹಾಕಿದರು. ನಾನು ಹಾಕಲಿಲ್ಲ. ಫಿಲಡೆಲ್ಫಿಯಾದಲ್ಲಿಯೂ ಕೊನೆಯ ದಿನದವರೆಗೆ ಕೂತಿದ್ದ ಮೂವರು ಸಹಿ ಹಾಕಲಿಲ್ಲ. ಅವರಲ್ಲಿ ಜಾರ್ಜ್ ಮೇಸನ್ ಎಂಬವರು ಸಭೆಯ ಅಧ್ಯಕ್ಷರಾಗಿದ್ದ ವಾಷಿಂಗ್ಟನ್ನರ ನೆರೆಯವರು, ಹಳೆಯ ಸ್ನೇಹಿತರು. ಹಕ್ಕುಗಳನ್ನು ಬರೆದಿಲ್ಲ ಎನ್ನುವುದು ಮೇಸನ್ನರ ದೊಡ್ಡ ದೂರು. ಆಮೇಲೆ ಆ ಸ್ನೇಹ ಮತ್ತೆ ಮೊದಲಿನಂತಾಗಲಿಲ್ಲ. ಪರೀಕ್ಷೆಗೆ ಈ ಸ್ನೇಹದ ಪ್ರಶ್ನೆ ಬರುವುದಿಲ್ಲ. ಹಾಗಾಗಿ ನಾನು ಅದನ್ನು ಮಕ್ಕಳಿಗೆ ಹೇಳಿಕೊಡುತ್ತಿರಲಿಲ್ಲ.

ಮರುದಿನ ಬೆಳಗ್ಗೆ ರೇನರ್ಸ್ ಲೇನ್ ಪ್ಲಾಟ್‌ಫಾರ್ಮಿನಲ್ಲಿ ನಿಜಲಿಂಗಪ್ಪನವರು ಆ ತುದಿಗೆ ನಡೆದುಹೋದರು. ಕಂದು ಬಣ್ಣದ ಕೋಟು, ಎಡಗೈಯಲ್ಲಿ ಟಿಫಿನ್ ಚೀಲ. ಅವರು ಮುಂದಿನ ಬೋಗಿ ಹತ್ತಿದರು, ನಾನು ಹಿಂದಿನದನ್ನು. ಆಕ್ಟನ್ ಟೌನ್‌ನಲ್ಲಿ ಇಳಿದು ನನ್ನ ಕಿಟಕಿಯ ಮುಂದೆಯೇ ಹಾದುಹೋಗುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ನಾನು ನಿವೃತ್ತಳಾಗುವವರೆಗೂ ಹೀಗೆಯೇ ನಡೆಯಿತು.

ಇನ್ನು ಮುಂದಿನದನ್ನು ಸ್ಮೃತಿ ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವರು ಅಲ್ಲಿ ಕಂಬದ ಪಕ್ಕ ಕೂತಿದ್ದಾರೆ. "ಹೇಳಿ ಆಂಟಿ, ನಂಗೇನೂ ಇಲ್ಲ, ಆದ್ರೆ ಅಳ್ಬೇಡಿ" ಎಂದಿದ್ದಾರೆ.

ಕೆಲವು ವರ್ಷಗಳ ಹಿಂದಿನ ದೀಪಾವಳಿ. ಇದೇ ಹಾಲ್. ಸ್ಮೃತಿ ಆ ಬೇಸಿಗೆಯಲ್ಲಿ ಗಂಡನ ಮನೆಯನ್ನು ಬಿಟ್ಟು ಮಗಳನ್ನು ಕರೆದುಕೊಂಡು ಹೌನ್ಸ್ಲೋದ ಒಂದು ಸಣ್ಣ ಫ್ಲಾಟಿಗೆ ಬಂದಿದ್ದರು. ಏಕೆ ಬಿಟ್ಟರು ಎಂದು ಆಗ ಯಾರೂ ಕೇಳಲಿಲ್ಲ. ನ್ಯಾಯಾಲಯ ಕೇಳಿತು, ಅದಕ್ಕೆ ಗೊತ್ತಿದೆ. ಆ ಗಂಡ ಆಗ ನಮ್ಮ ಕಾರ್ಯದರ್ಶಿ. ಹೆಸರು ಬೇಡ, ಅವರು ಈಗ ಕೂಟದಲ್ಲಿಲ್ಲ. ಮಗಳು ಸಾನ್ವಿ ಮಕ್ಕಳ ನೃತ್ಯದಲ್ಲಿದ್ದಳು. ಜಡೆಗೆ ಹೂವು, ಕಾಲಿಗೆ ಗೆಜ್ಜೆ, ಮೇಲೆ ಚಳಿಗೆಂದು ಶಾಲೆಯ ಕೋಟು.

ಬಾಗಿಲಲ್ಲಿದ್ದ ಅಮರ ತುಂಬ ಮುಜುಗರಪಟ್ಟುಕೊಂಡೇ ಹೇಳಿದ. "ಅಕ್ಕ, ಮೆಂಬರ್‌ಶಿಪ್ ಸರ್ ಹೆಸ್ರಲ್ಲಿತ್ತು. ಅವ್ರು ನಿಮ್ಮಿಬ್ರನ್ನೂ ತೆಗೆಸಿದಾರೆ. ಲಿಸ್ಟಲ್ಲಿರೋ ಮಕ್ಕಳು ಮಾತ್ರ ಸ್ಟೇಜಿಗೆ ಅಂತ ರೂಲ್ ಇದೆ."

"ನಾನು ಪ್ರತಿ ವರ್ಷ ಇಲ್ಲೇ ಅಡುಗೆಗೆ ಬಂದಿದೀನಲ್ಲ ಅಮರ" ಎಂದರು ಸ್ಮೃತಿ.

ನಾನು ಅಲ್ಲೇ ಚಪ್ಪಲಿ ಬಿಡುತ್ತಿದ್ದೆ. ಯಾರೋ ಓಡಿಹೋಗಿ ನಿಜಲಿಂಗಪ್ಪನವರನ್ನು ಕರೆತಂದರು. ಅವರು ಅಂದು ಅಧ್ಯಕ್ಷರು. ಬಂದವರೇ, "ಏ, ಒಳಗ ಬಿಡ್ರಿ ಕೂಸನ್ನ" ಎಂದರು. ಕಾರ್ಯದರ್ಶಿ ಅವರ ಹಿಂದೆಯೇ ಬಂದಿದ್ದರು. ತುಂಬ ವಿನಯದಿಂದ ಹೇಳಿದರು. "ಸರ್, ಅಧ್ಯಕ್ಷರಿಗೆ ಆ ಅಧಿಕಾರ ಇಲ್ಲ. ಸಭೆನೂ ಒಪ್ಪಬೇಕು, ಮಂಡಳಿನೂ ಒಪ್ಪಬೇಕು. ನೀವೇ ಬರೆದಿದ್ದಲ್ವಾ?"

ಸಭಿಕರೇ, ಸಭೆಯ ಮುಖ್ಯಸ್ಥರು ಅಲ್ಲಿದ್ದರು. ಮಂಡಳಿಯವರೂ ನಾಲ್ಕಾರು ಜನ ಅಲ್ಲಿದ್ದರು. ಇವರು ಅವರನ್ನು ನೋಡಿದರು, ಅವರು ಇವರನ್ನು ನೋಡಿದರು. ಯಾರೂ ಕೆಟ್ಟವರಲ್ಲ. ಒಬ್ಬರನ್ನೊಬ್ಬರು ತಡೆಯಲೆಂದು ಕಟ್ಟಿದ ವ್ಯವಸ್ಥೆ ಅಂದು ಎಲ್ಲರೂ ಸೇರಿ ಒಂದು ಮಗುವನ್ನು ತಡೆಯಿತು. "ಮಮ್, ಆಮ್ ಐ ನಾಟ್ ಡ್ಯಾನ್ಸಿಂಗ್?" ಎಂದು ಸಾನ್ವಿ ಕೇಳಿದಳು. ಆಮೇಲೆ, ತನಗೆ ಕನ್ನಡ ಬಾರದೆಂದು ಹೀಗಾಗಿದೆಯೋ ಏನೋ ಎಂದುಕೊಂಡು, ಕಷ್ಟಪಟ್ಟು, "ನಾನು ಸ್ಟೆಪ್ಸ್ ಕಲ್ತಿದೀನಿ" ಎಂದಳು.

ನಿಜಲಿಂಗಪ್ಪನವರು ನನ್ನ ಕಡೆ ತಿರುಗಿದರು. ವರ್ಷಗಳ ನಂತರ ಅವರು ನನ್ನನ್ನು ನೇರವಾಗಿ ನೋಡಿದ್ದು ಅಂದು. ನಾನು ಅಂದುಕೊಂಡದ್ದೇ ಆಗಿತ್ತು. ಅಂದುಕೊಂಡದ್ದು ಆದಾಗ ಹಿಗ್ಗು ಬರುತ್ತದೆ ಎಂದು ಕೇಳಿದ್ದೆ. ಬರಲಿಲ್ಲ. ತಾಯಿ ಮಗಳ ಜೊತೆ ಬಸ್ ಸ್ಟಾಪಿನವರೆಗೆ ಹೋದೆ. ಮಗುವಿನ ಗೆಜ್ಜೆ ಫುಟ್‌ಪಾತಿನ ಮೇಲೆ ಸದ್ದು ಮಾಡುತ್ತಿತ್ತು. ಸ್ಮೃತಿ ಬಗ್ಗಿ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ನಾನು ವಾಪಸು ಬಂದಾಗ ನಿಜಲಿಂಗಪ್ಪನವರು ಗಾಜಿನ ಬಾಗಿಲ ಒಳಗೆ ಇನ್ನೂ ನಿಂತಿದ್ದರು. ಒಳಗೆ ದೀಪ ಬೆಳಗಿಸಲು ಅವರ ಹೆಸರು ಕೂಗುತ್ತಿದ್ದರು.

ಆ ವಾರದಿಂದಲೇ ಅವರು ತಿದ್ದುಪಡಿಯ ಕೆಲಸ ಹಿಡಿದರು. ಇದು ನನಗೆ ಬೇರೆಯವರಿಂದ ತಿಳಿಯಿತು. ಎರಡೂ ಕಡೆ ಮೂರರಲ್ಲಿ ಎರಡು ಪಾಲು! ನಿಯಮ ಸುಲಭವಾಗಿ ಅಲುಗಬಾರದೆಂದು ಆ ಗೋಡೆಯನ್ನು ಎತ್ತರಕ್ಕೆ ಕಟ್ಟಿದವರು ಅವರೇ, ಈಗ ಹತ್ತಬೇಕಾದವರೂ ಅವರೇ. ಸೌತ್‌ಹಾಲ್, ಹೌನ್ಸ್ಲೋ, ಹೇಯ್ಸ್ ಎಂದು ಮನೆಮನೆಗೆ ಹೋದರು. ಸಭೆ ಬೇಗ ಒಪ್ಪಿತು. ಮಂಡಳಿ ಒಪ್ಪಲಿಲ್ಲ, ಅದರಲ್ಲೂ ಅವರ ಊರ ಕಡೆಯವರೇ. ಅಡಿವೆಪ್ಪನವರೇ, ನೀವೇ ನನಗೆ ಹೇಳಿದ್ದೀರಿ, ಆದ್ದರಿಂದ ಹೇಳುತ್ತೇನೆ. "ಮನ್ಯಾಗ ಎರಡು ಮತ ಅಂದ್ರ ಎರಡು ಪಕ್ಷ ಆಕ್ಕಾವ" ಎಂದು ನೀವು ಅಂದಾಗ ಅವರು, "ಈಗೂ ಎರಡು ಪಕ್ಷನ ಅದಾವೋ ಮಾರಾಯ, ಒಂದು ಪಕ್ಷ ಸುಮ್ಮನ ಕುಂತೈತಿ ಅಷ್ಟ" ಎಂದರಂತೆ.

ಕಳೆದ ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ಮಂಡಳಿಯಲ್ಲಿ ಇನ್ನೂ ಮತ ಸಾಲದೆ ಇತ್ತು.

ಚಿತಾಗಾರದ ಹೊರಗೆ ಸಾಲಿನಲ್ಲಿ ನಿಂತು ನಾನು ಬಸಲಿಂಗವ್ವನವರ ಕೈ ಹಿಡಿದೆ. ಅವರೇ ಹೇಳಿದರು. "ನಿಮ್ಮ ಮನಿಗೆ ಬರಬೇಕಂತ ಭಾಳ ಇತ್ರಿ ಅವರಿಗೆ. ನಡೀರಿ ಹೋಗೂಣು ಅಂತ ನಾನ ಎಷ್ಟ ಸಲ ಅಂದೆ. ತಿದ್ದುಪಡಿ ಪಾಸಾಗಲಿ, ಅಕ್ಕಾರ ಮುಂದ ಬರಿಗೈಲೆ ಹ್ಯಾಂಗ ಹೋಗೂದು ಅಂತಿದ್ರು."

ಬರಿಗೈಯಲ್ಲಿ ಹೇಗೆ ಹೋಗುವುದು ಎಂದರಂತೆ. ಹಿಂದಿನವರು ಕಾಯುತ್ತಿದ್ದರು, ನಾನು ಸಾಲು ಬಿಟ್ಟು ಮುಂದೆ ಹೋಗಬೇಕಾಯಿತು.

ಅವರ ಮನೆಯಿಂದ ನನ್ನ ಮನೆಗೆ ಎರಡು ಬೀದಿ. ನನ್ನ ಮನೆಯಿಂದ ಅವರ ಮನೆಗೂ ಅಷ್ಟೇ ದೂರ. ನಾನು ಸರಿ ಎಂದು ನನಗೆ ಗೊತ್ತಿತ್ತು, ಸರಿಯಿದ್ದವರು ಏಕೆ ಹೋಗಬೇಕು ಎಂದು ಕೂತಿದ್ದೆ. ಅವರು ತಪ್ಪನ್ನು ಸರಿಪಡಿಸಿಯೇ ಹೋಗೋಣವೆಂದು ಕೂತಿದ್ದರು. ಎಂಥ ಶಿಸ್ತಿನ ಜನ ನಾವು! ಅಮೆರಿಕದಲ್ಲಿ ಹಕ್ಕುಗಳ ಹತ್ತು ತಿದ್ದುಪಡಿಗಳು ಬಂದ ಮರುವರ್ಷ ಜಾರ್ಜ್ ಮೇಸನ್ ತೀರಿಕೊಂಡರು. ಅವರು ಕೇಳಿದ್ದು ಬಹಳಷ್ಟು ಬಂದಿತ್ತು. ಆದರೆ ಹಳೆಯ ಸ್ನೇಹ ಬಂದಿರಲಿಲ್ಲ.

ನಮ್ಮಲ್ಲಿ ಆದದ್ದನ್ನು ನೀವೆಲ್ಲ ನೋಡಿದ್ದೀರಿ. ಗಂಡ ಹೋದ ಮೇಲೆ ಬಸಲಿಂಗವ್ವನವರು ಮನೆಯ ಯಜಮಾನಿಯಾದರು. ಹಳೆಯ ನಿಯಮದಂತೆ ಮೊದಲ ಸಲ ಅವರಿಗೆ ಮತ ಬಂತು. ಅವರ ಭಾಗದವರು ಅವರನ್ನೇ ಮಂಡಳಿಗೆ ಕಳಿಸಿದರು. ಅವರು ಭಾಷಣ ಮಾಡಲಿಲ್ಲ. ಪ್ರತಿ ಮಂಡಳಿ ಸದಸ್ಯರ ಮನೆಗೆ ಹೋಗಿ, ಆ ಮನೆಯ ಹೆಂಗಸರ ಎದುರಿಗೇ, "ನನಗ ಮತ ಹ್ಯಾಂಗ ಬಂತು ಗೊತ್ತೈತಲ್ಲ? ನಿಮ್ಮ ಮನ್ಯಾಕಿಗೆ ಹಂಗ ಬರೂದು ಬ್ಯಾಡ" ಎಂದರು. ಹೋದ ತಿಂಗಳು ಮಂಡಳಿ ಒಪ್ಪಿತು. ಇಂದು ಈ ಹಾಲಿನಲ್ಲಿರುವ ಪ್ರತಿಯೊಬ್ಬ ವಯಸ್ಕರೂ ತಮ್ಮದೇ ಹೆಸರಿನಲ್ಲಿ ಸದಸ್ಯರು. ಯಾರನ್ನೂ ಅವರ ಮಾತು ಕೇಳದೆ ಹೊರಗಿಡುವಂತಿಲ್ಲ. ಚಪ್ಪಾಳೆ ನನಗೆ ಬೇಡ, ಬಸಲಿಂಗವ್ವನವರ ಕಡೆ ತಿರುಗಿ ತಟ್ಟಿ.

ಸಾನ್ವಿ ಇಂದು ಬಂದಿಲ್ಲ. ಅವಳಿಗೆ ಈಗ ಹದಿನಾಲ್ಕು, ನೃತ್ಯ ಬಿಟ್ಟು ಫುಟ್‌ಬಾಲ್ ಆಡುತ್ತಾಳಂತೆ. ನಾವು ಬಾಗಿಲು ತೆರೆಯುವಷ್ಟರಲ್ಲಿ ಮಗು ದೊಡ್ಡದಾಗಿ ಬೇರೆ ಕಡೆ ಹೊರಟುಹೋಗಿತ್ತು. ತಿದ್ದುಪಡಿಗಳು ಎಲ್ಲ ದೇಶದಲ್ಲೂ ತಡವಾಗಿಯೇ ಬರುತ್ತವೆ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗಾಣಲು ಒಂದು ಯುದ್ಧ ಬೇಕಾಯಿತು, ಹೆಂಗಸರ ಮತಕ್ಕೆ ಇನ್ನೂ ಅರ್ಧ ಶತಮಾನ ಹಿಡಿಯಿತು. ಯಾರಿಗಾಗಿ ಬರುತ್ತದೋ ಅವರಲ್ಲಿ ಕೆಲವರು ಅಷ್ಟರಲ್ಲಿ ಇರುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಇಸವಿಗಳಾಗಿ ಹೇಳಿದ್ದೆ, ಅಷ್ಟೇ.

ಶಶಿಧರ ಅವರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಕರೆದದ್ದಕ್ಕೆ ಕೂಟಕ್ಕೆ, ಒಪ್ಪಿಗೆ ಕೊಟ್ಟದ್ದಕ್ಕೆ ಸ್ಮೃತಿಗೆ, ತಾಳ್ಮೆಗಾಗಿ ಅಡುಗೆಮನೆಯವರಿಗೆ ನನ್ನ ವಂದನೆಗಳು. ಸ್ಮೃತಿ, ಕ್ಷಮಿಸಮ್ಮ, ಅಳುವುದಿಲ್ಲ ಎಂದ ಮಾತು ಉಳಿಸಿಕೊಳ್ಳಲಾಗಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನಾನು ಇಂದು ಹೇಳಿದ್ದರಲ್ಲಿ ಯಾವುದಾದರೂ ನಿಮಗೆ ತಪ್ಪೆನಿಸಿದರೆ, ಇಷ್ಟು ಜನರಲ್ಲಿ ಯಾರಿಗಾದರೂ ಎನಿಸಿಯೇ ಇರುತ್ತದೆ, ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೇ ಬಂದು ನಿಂತು ಜಗಳವಾಡಿ. ಗಟ್ಟಿಯಾಗಿ ಆಡಿ. ತಟ್ಟೆ ಹಿಡಿದುಕೊಂಡು ಎದುರಿಗೇ ಕೂತು ಆಡಿ. ಎದ್ದು ದೂರದ ಮೇಜಿಗೆ ಮಾತ್ರ ಹೋಗಬೇಡಿ.

ಎಲ್ಲರಿಗೂ ನಮಸ್ಕಾರ.